ಹೊಸ್ತಿಲು ದಾಟದ ಕಸಗುಡಿಸುವ ಯಂತ್ರ

ಮೈಸೂರಿನ ಚಾಮರಾಜಪುರಂನ ನಮ್ಮ ಹಳೆಯ ಮನೆಗೆ ಕಸ ಗುಡಿಸಿ ನೆಲ ಒರೆಸುವ ರೋಬೋಟ್ ಬಂದು ಆರು ತಿಂಗಳಾಯಿತು. 2002ರಲ್ಲಿ ಅಮೆರಿಕದ ಐರೋಬೋಟ್ ಸಂಸ್ಥೆ ರೂಂಬಾ ಎಂಬ ಕಸಗುಡಿಸುವ ರೋಬೋಟನ್ನು ಮಾರುಕಟ್ಟೆಗೆ ತಂದಾಗ ಇಂಥ ಯಂತ್ರಗಳು ಗೋಡೆಗೆ ಬಡಿದು ದಿಕ್ಕು ಬದಲಿಸುತ್ತ ಅಲೆಯುತ್ತಿದ್ದವು. ನಾವು ಕೊಂಡದ್ದು ತಿರುಗುವ ಲೇಸರ್ ಕಿರಣದಿಂದ ಕೋಣೆಯನ್ನು ಅಳೆದು, ನಕ್ಷೆ ಬರೆದುಕೊಂಡು, ಸಾಲು ಹಿಡಿದು ಉಳುವ ರೈತನಂತೆ ಸಾಗುತ್ತದೆ. ಮಂಚದಡಿಯ ಧೂಳನ್ನು ಅಷ್ಟು ಚೆನ್ನಾಗಿ ತೆಗೆಯುವುದು ಸೊಂಟನೋವಿನ ನನ್ನಿಂದ ಎಂದೂ ಆಗಿರಲಿಲ್ಲ.

ಆದರೆ ಸುಮಾರು 2 ಸೆಂಟಿಮೀಟರ್ ಎತ್ತರವನ್ನಷ್ಟೇ ಹತ್ತಬಲ್ಲ ಅದಕ್ಕೆ ನಮ್ಮ ನಾಲ್ಕು ಬೆರಳೆತ್ತರದ ಹೊಸ್ತಿಲುಗಳು ಕೋಟೆಗೋಡೆಗಳೇ ಆಗಿರುವುದರಿಂದ, ಪ್ರತಿ ಕೋಣೆಗೂ ಕೂಸಿನಂತೆ ಎತ್ತಿಕೊಂಡು ಹೋಗಬೇಕು. ಮೆಟ್ಟಿಲಿನಿಂದ ಬೀಳದಂತೆ ತಡೆಯುವ ಅಡಿಭಾಗದ ಸಂವೇದಕಗಳು ನೆಲದಿಂದ ಮರಳುವ ಅವಕೆಂಪು ಕಿರಣವನ್ನೇ ನಂಬಿವೆ. ಹಾಗಾಗಿ ಕೆಂಪು ಗಾರೆ ನೆಲದ ಸುತ್ತಲಿನ, ಆ ಕಿರಣವನ್ನು ಸರಿಯಾಗಿ ಮರಳಿಸದ ಕಪ್ಪು ಅಂಚನ್ನು ಹಳ್ಳವೆಂದು ಬಗೆದು ಯಂತ್ರ ಹಿಂದೆ ಸರಿಯುತ್ತದೆ. ನಡುಮನೆಯ ದೇವರ ಗೂಡಿನ ಮುಂದಿನ ರಂಗೋಲಿಯನ್ನು ಮಾತ್ರ ಹಿಂಜರಿಯದೆ ನುಂಗಿತು. ಅತ್ತೆಯವರ ಆಜ್ಞೆಯಂತೆ ಆ ಜಾಗವೀಗ ನಕ್ಷೆಯಲ್ಲಿ ನಿಷೇಧಿತ ಪ್ರದೇಶವಾಗಿದೆ.

2025ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ಎಲೆಕ್ಟ್ರಾನಿಕ್ ಸಾಧನಗಳ ಪ್ರದರ್ಶನದಲ್ಲಿ, ನೆಲದ ಮೇಲಿನ ಕಾಲುಚೀಲವನ್ನು ಎತ್ತಿಡುವ ಯಾಂತ್ರಿಕ ತೋಳಿನ ಮಾದರಿಯೂ ಕಾಣಿಸಿಕೊಂಡಿತು. ಸಮತಟ್ಟಾದ ಟೈಲ್ಸ್ ನೆಲದ ಫ್ಲ್ಯಾಟ್‌ನವರು ಈಗಲೇ ಧೈರ್ಯವಾಗಿ ಕೊಳ್ಳಬಹುದು. ನಮ್ಮಂಥವರು ಪೊರಕೆಯನ್ನು ಇನ್ನೂ ಕೈಗೆಟಕುವಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು.