ಪುಟ್ಟ ವಿಮಾನಕ್ಕೆ 12 ವೋಲ್ಟ್ ಲಿಥಿಯಂ ಬ್ಯಾಟರಿ: ಬ್ಯಾಟರಿಗೆ ಫುಲ್ ಮಾರ್ಕ್ಸ್, ಯುಎಸ್‌ಬಿ ಅಡಾಪ್ಟರ್‌ಗೆ ಸೊನ್ನೆ

ನಾನು ಹಾರಿಸೋದು ಹಳೇ ಎರಡು ಸೀಟಿನ ವಿಮಾನ, ಅದ್ರಲ್ಲಿ ಕರೆಂಟ್ ಅನ್ನೋದೇ ಇಲ್ಲ. ಇಂಜಿನ್ ಮ್ಯಾಗ್ನೆಟೋ (ಇಂಜಿನ್ ಜೊತೆ ತಿರುಗ್ತಾ ತಾನೇ ಕಿಡಿ ಹುಟ್ಟಿಸೋ ಸಾಧನ) ಮೇಲೆ ಓಡತ್ತೆ, ಆಲ್ಟರ್ನೇಟರೂ ಇಲ್ಲ ಬ್ಯಾಟರಿನೂ ಇಲ್ಲ, ಆದ್ರೆ ರೇಡಿಯೋ, ಜಿಪಿಎಸ್, ಮ್ಯಾಪ್ ನೋಡೋ ಟ್ಯಾಬ್ಲೆಟ್ ಮೂರಕ್ಕೂ ಪವರ್ ಬೇಕಲ್ಲ. ಮೊದ್ಲು 7 ಆಂಪಿಯರ್ ಅವರ್‌ದು ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಇಟ್ಕೊಂಡಿದ್ದೆ, ಎರಡೂವರೆ ಕೆಜಿ ಹತ್ರ ಭಾರ, ಸ್ವಲ್ಪ ಹಳೇದಾದ್ಮೇಲೆ ಮಾತಾಡೋ ಬಟನ್ ಒತ್ತಿದ ಕೂಡ್ಲೇ ವೋಲ್ಟೇಜ್ ಬಿದ್ದು ರೇಡಿಯೋನೇ ಆಫ್ ಆಗೋದು.

ಈಗ ಅದೇ 7 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಗೊಂಡು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾನೇ ಸೆಟ್ ಮಾಡಿದೀನಿ. ಒಳಗೆ 3.2 ವೋಲ್ಟಿನ ನಾಲ್ಕು ಸೆಲ್, ಒಟ್ಟು 12.8 ವೋಲ್ಟ್, ಅಂದ್ರೆ ಸುಮಾರು 90 ವ್ಯಾಟ್ ಅವರ್. ತೂಕ ಅರ್ಧಕ್ಕಿಂತ ಕಡಿಮೆ. ನಂದೆಲ್ಲಾ ಸೇರಿ 15 ವ್ಯಾಟ್ ಎಳೆಯತ್ತೆ, ಐದು ಗಂಟೆ ಆರಾಮಾಗಿ ಬರತ್ತೆ, ಕೊನೇವರೆಗೂ ರೇಡಿಯೋ ಒಂದ್ಸಲಾನೂ ಕೈ ಕೊಟ್ಟಿಲ್ಲ.

ಒಂದು ವಿಷ್ಯ ಮಾತ್ರ ಹುಷಾರು. ಇದರ ವೋಲ್ಟೇಜ್ ಹೆಚ್ಚುಕಮ್ಮಿ 13ರಲ್ಲೇ ನಿಂತಿರತ್ತೆ, ಖಾಲಿ ಆಗೋ ಹೊತ್ತಿಗೆ ಧಡ್ ಅಂತ ಬೀಳತ್ತೆ, ಆಮೇಲೆ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಪವರ್ ಕಟ್ ಮಾಡ್ಬಿಡತ್ತೆ. ಅದಕ್ಕೇ ವೋಲ್ಟ್‌ಮೀಟರ್ ನಂಬ್ಕೊಂಡು ಹಾರಬೇಡಿ, ಎಷ್ಟು ಆಂಪಿಯರ್ ಅವರ್ ಖರ್ಚಾಯ್ತು ಅಂತ ಎಣಿಸೋ ಮೀಟರ್ ಹಾಕಿ. ಚಾರ್ಜರೂ ಲಿಥಿಯಂ ಐರನ್ ಫಾಸ್ಫೇಟ್‌ಗೆ ಅಂತಾನೇ ಇರೋದು ಬೇಕು, 14.6 ವೋಲ್ಟ್ ದಾಟಬಾರ್ದು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಗೆ ಹಾಕ್ಲೇಬಾರ್ದು.

ಇನ್ನು ನನ್ನ ತಲೆ ಕೆಡಿಸಿದ್ದು ಅಗ್ಗದ ಯುಎಸ್‌ಬಿ ಅಡಾಪ್ಟರ್. ಮೊದಲನೇ ಸಲ ಹಾರಿದಾಗ ಹೆಡ್‌ಸೆಟ್ಟಲ್ಲಿ ಒಂದೇ ಸಮ ಜರ್ರ್ ಅಂತಿತ್ತು, ಟವರ್ ಹೇಳಿದ್ದು ಅರ್ಧ ಕೇಳಿಸ್ಲಿಲ್ಲ, ನಿಜವಾಗ್ಲೂ ಭಯ ಆಯ್ತು. ಕೆಳಗಿಳಿದು ಇಂಜಿನ್ ಆಫ್ ಮಾಡಿ ಕಾಕ್‌ಪಿಟ್ಟಲ್ಲೇ ಕೂತು ರೇಡಿಯೋದ ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಗದ್ದಲ ಮುಚ್ಚೋ ಸೆಟ್ಟಿಂಗ್) ತೆಗೆದು ಕೇಳಿದೆ, ಆಗ್ಲೂ ಅದೇ ಜರ್ರ್. ಅಂದ್ರೆ ಮ್ಯಾಗ್ನೆಟೋದಲ್ಲ. ಅಡಾಪ್ಟರ್ ಕಿತ್ತೆ, ಆ ಜರ್ರ್ ನಿಂತೋಯ್ತು. ವಾಪಸ್ ಚುಚ್ಚಿದೆ, ಮತ್ತೆ ಶುರು. 12 ವೋಲ್ಟನ್ನ 5 ವೋಲ್ಟ್ ಮಾಡೋಕೆ ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗ್ತಿರತ್ತೆ, ಒಳಗೆ ಸರಿಯಾದ ಫಿಲ್ಟರ್ ಇಲ್ಲ ಅಂದ್ರೆ ಆ ಕಿರಿಕಿರಿ ಸೀದಾ ನಮ್ಮ ವಿಮಾನದ ರೇಡಿಯೋ ಕೆಲಸ ಮಾಡೋ 118ರಿಂದ 137 ಮೆಗಾಹರ್ಟ್ಸ್ ಬ್ಯಾಂಡಿಗೆ ಬರತ್ತೆ. ಲೋಹದ ಕೇಸ್ ಇರೋ ಕನ್ವರ್ಟರ್ ಹಾಕಿ, ವೈರನ್ನ ಫೆರೈಟ್ ರಿಂಗಲ್ಲಿ (ಇಂಥ ಕಿರಿಕಿರಿ ತಡೆಯೋ ಕಪ್ಪು ಬಳೆ) ಮೂರು ಸುತ್ತು ಸುತ್ತಿ, ಆಂಟೆನಾ ಕೇಬಲ್‌ನಿಂದ ದೂರ ಇಟ್ಮೇಲೆ ಈಗ ಕ್ಲಿಯರ್.

ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕ್ಲೇಬೇಕು, ಈ ಬ್ಯಾಟರಿ ಶಾರ್ಟ್ ಆದ್ರೆ ವೈರ್ ಸುಟ್ಟು ಹೋಗತ್ತೆ, ಮೇಲೆ ಹೊಗೆ ಬಂದ್ರೆ ಕಿಟಕಿ ತೆಗೆದು ಇಳಿಯೋಕಾಗತ್ತಾ. ಸಿಗರೇಟ್ ಲೈಟರ್ ಸಾಕೆಟ್ ಅಲುಗಾಟಕ್ಕೆ ಲೂಸ್ ಆಗ್ತಿತ್ತು, ಆಂಡರ್ಸನ್ ಪವರ್‌ಪೋಲ್ ಅನ್ನೋ ಬಿಗಿ ಕನೆಕ್ಟರ್ ಹಾಕಿದ್ಮೇಲೆ ಆ ಕಾಟ ಇಲ್ಲ. ಡಬ್ಬಿನ ಬೆಲ್ಟ್ ಹಾಕಿ ಬಿಗಿಯಾಗಿ ಕಟ್ಟಿ, ಕಂಪಾಸ್ ಹತ್ರ ಮಾತ್ರ ಬೇಡ, ನಂದು ಅಲ್ಲಿಟ್ಟಾಗ ಕೆಲವು ಡಿಗ್ರಿ ತಪ್ಪು ತೋರಿಸ್ತು, ಈಗ ಹಿಂದಿನ ಸೀಟಿನ ಕೆಳಗಿದೆ.