ಸಿಂಕ್ ಒತ್ತುವ ಮುಂಚೆ ಮೂಲೆಯ ತಾರೀಕು ನೋಡಿ

ಮನೆ ಕಂಪ್ಯೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಫೈಲ್ ಸಿಂಕ್ ಮಾಡುವವರು, ಅಂದರೆ ಎರಡೂ ಕಡೆ ಒಂದೇ ಫೈಲ್ ಇರುವಂತೆ ಹೊಂದಿಸುವವರು, ಇದನ್ನೊಮ್ಮೆ ಓದಿ. ಅಪ್ಪನ ಆರು ವಾರದ ಕೆಲಸವನ್ನು ನಾನು ಒಂದೇ ಕ್ಲಿಕ್‌ನಲ್ಲಿ ಕಳೆದೆ. ವೈರಸ್ ಬಂದದ್ದಲ್ಲ, ಡಿಸ್ಕ್ ಕೆಟ್ಟದ್ದೂ ಅಲ್ಲ. ಎಲ್ಲವೂ ಸರಿಯಾಗಿಯೇ ಕೆಲಸ ಮಾಡಿತ್ತು!

ನಾನಿರುವುದು ಮಂಗಳೂರಿನಲ್ಲಿ, ಅಪ್ಪ ಅಮ್ಮ ಬ್ರಹ್ಮಾವರದಲ್ಲಿ. ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವರು. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ಅವರ ಸೀಸನ್ ಶುರು. ಈ ಸಲ ವಾಲಿಯ ಪಾತ್ರಕ್ಕೆ ಟಿಪ್ಪಣಿ ಟೈಪ್ ಮಾಡುತ್ತಿದ್ದರು, ಎಲ್ಲವೂ ಒಂದೇ ವರ್ಡ್ ಫೈಲ್‌ನಲ್ಲಿ. ನಾನು ಊರಿಗೆ ಹೋದಾಗೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿ ಸಿಂಕ್ ಮಾಡಿ, ಒಂದು ಕಾಪಿ ನನ್ನ ಲ್ಯಾಪ್‌ಟಾಪ್‌ಗೂ ಹಾಕಿಕೊಳ್ಳುತ್ತಿದ್ದೆ.

ಸಿಡಿಲಿನ ಹೆದರಿಕೆಗೆ ಅಪ್ಪ ರಾತ್ರಿ ಪ್ಲಗ್ ಕಿತ್ತೇ ಮಲಗುವುದು. ಮೋಡೆಮ್ ವೈರನ್ನೂ ಕಳಚಿಟ್ಟಿದ್ದರು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಅದು ಸತ್ತಿತ್ತು. ಪ್ರತಿದಿನ ಬೆಳಗ್ಗೆ ಕಂಪ್ಯೂಟರ್ 2016ರ ಜನವರಿ 1ಕ್ಕೆ ಏಳುತ್ತಿತ್ತು. ಮೋಡೆಮ್ ಇಲ್ಲದ್ದರಿಂದ ಇಂಟರ್‌ನೆಟ್ ನೋಡಿ ತಾರೀಕು ಸರಿಮಾಡಿಕೊಳ್ಳುವ ಹಾಗೂ ಇರಲಿಲ್ಲ.

ಅಪ್ಪ ಫೋನಿನಲ್ಲಿ ಹೇಳಿದ್ದರು ಕೂಡ. "ಇದರಲ್ಲಿ 2016 ಅಂತ ತೋರಿಸ್ತದೆ ಮಾರಾಯ."

"ಅದೆಲ್ಲ ಎಂತ ಆಗುದಿಲ್ಲ, ನೀವು ಟೈಪ್ ಮಾಡಿ" ಅಂದಿದ್ದೆ.

ಜುಲೈಯಲ್ಲಿ ಹೋಗಿ ಸಿಂಕ್ ಒತ್ತಿದೆ. ನಾನು ಬಳಸುವ ಆ್ಯಪ್ ಎರಡು ಫೈಲ್‌ಗಳ ತಾರೀಕು ನೋಡಿ, ಹೊಸದನ್ನು ಹಳೆಯದರ ಮೇಲೆ ಬರೆಯುತ್ತದೆ. ಅಪ್ಪ ಹಿಂದಿನ ರಾತ್ರಿ ಸೇವ್ ಮಾಡಿದ ಫೈಲ್‌ಗೆ 2016ರ ತಾರೀಕು. ನನ್ನ ಡಿಸ್ಕ್‌ನಲ್ಲಿದ್ದದ್ದು ಮೇ ತಿಂಗಳದ್ದು. ಅದರ ಲೆಕ್ಕದಲ್ಲಿ ಮೇಯದ್ದೇ ಹೊಸದು. ಎರಡು ಸೆಕೆಂಡ್ ಕೂಡ ಆಗಲಿಲ್ಲ, ಹಸಿರು ಟಿಕ್ ಬಂತು. ಮನೆಯಲ್ಲಿ, ಡಿಸ್ಕ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ, ಮೂರೂ ಕಡೆ ಅದೇ ಹಳೇ ಫೈಲ್.

ರಿಸೈಕಲ್ ಬಿನ್ ನೋಡಿದೆ. ಡಿಲೀಟ್ ಮಾಡಿದ್ದಲ್ಲ, ಮೇಲೆ ಬರೆದದ್ದು, ಹಾಗಾಗಿ ಅಲ್ಲಿ ಏನೂ ಇಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀವಿಯಸ್ ವರ್ಷನ್ಸ್ ನೋಡಿದೆ, ಅದೂ ಖಾಲಿ. ಹಳೇ ಕಾಪಿ ತೆಗೆದಿಡುವ ವಿಂಡೋಸ್‌ನದೇ ಸೌಲಭ್ಯ, ಫೈಲ್ ಹಿಸ್ಟರಿ, ಆನ್ ಮಾಡಿದ್ದರೆ ತಾನೇ ಇರುವುದು? ಆಮೇಲೆ ಮಾಡಿದ್ದು ಶುದ್ಧ ದಡ್ಡತನ: ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವ್‌ಗೇ ಇನ್‌ಸ್ಟಾಲ್ ಮಾಡಿದೆ. ಕಳೆದುಹೋದ ಫೈಲ್ ಇರಬಹುದಾದ ಜಾಗದ ಮೇಲೆ ನಾನೇ ಹೊಸದನ್ನು ತುಂಬಿದ ಹಾಗೆ. ಕಂಪ್ಯೂಟರ್ ಆಫ್ ಮಾಡಿ, ಡ್ರೈವನ್ನು ಬೇರೆ ಸಿಸ್ಟಮ್‌ಗೆ ಹಾಕಿ ನೋಡಬೇಕಿತ್ತು. ಆದರೂ ಸಿಗುತ್ತಿತ್ತೋ ಇಲ್ಲವೋ. ಅದು ಎಸ್‌ಎಸ್‌ಡಿ, ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್. ಯಾವ ಜಾಗ ಈಗ ಬೇಡ ಎಂದು ವಿಂಡೋಸ್ ಅದಕ್ಕೆ ಹೇಳಿಬಿಡುತ್ತದೆ, ಇದಕ್ಕೆ ಟ್ರಿಮ್ ಅಂತ ಹೆಸರು. ಡ್ರೈವ್ ಆ ಜಾಗವನ್ನು ತನ್ನಷ್ಟಕ್ಕೆ ಒರೆಸಿಬಿಡುತ್ತದೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಸಿಗುವಷ್ಟು ಇದರಲ್ಲಿ ಸಿಗುವುದಿಲ್ಲ.

ಈಗ ಮಾಡಿಕೊಂಡದ್ದು ಹೇಳುತ್ತೇನೆ. ಬ್ಯಾಟರಿ ಬದಲಿಸಿದೆ, ಅದೇನೂ ದೊಡ್ಡ ಖರ್ಚಲ್ಲ. ಒಂದು ಬೇರೆ ಡಿಸ್ಕ್ ಇಟ್ಟು ಫೈಲ್ ಹಿಸ್ಟರಿ ಆನ್ ಮಾಡಿದೆ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳ ಕಾಪಿ ತೆಗೆದಿಡುತ್ತದೆ, ಹಳೇ ಕಾಪಿಗಳೂ ಉಳಿಯುತ್ತವೆ. ಒಂದು ಮಾತು: ಡಿ ಡ್ರೈವ್‌ನಲ್ಲಿರುವ ಫೋಲ್ಡರ್ ತಾನಾಗಿ ಅದಕ್ಕೆ ಸೇರುವುದಿಲ್ಲ, ನಾವೇ ವಿಂಡೋಸ್‌ನ ಲೈಬ್ರರಿ ಎಂಬ ಫೋಲ್ಡರ್ ಪಟ್ಟಿಗೆ ಸೇರಿಸಬೇಕು. ನಮ್ಮಲ್ಲಿ ಹೆಚ್ಚಿನವರು ಫೈಲ್ ಇಡುವುದೇ ಡಿ ಡ್ರೈವ್‌ನಲ್ಲಿ ಅಲ್ವಾ? ಸಿಂಕ್ ಆ್ಯಪ್‌ನಲ್ಲಿ, ಬದಲಾಗುವ ಫೈಲ್‌ನ ಹಳೇ ಕಾಪಿಯನ್ನು ಬೇರೆ ಫೋಲ್ಡರ್‌ಗೆ ಸರಿಸುವ ಆಯ್ಕೆ ಮೊದಲಿಂದಲೂ ಇತ್ತು. ನಾನು ನೋಡಿರಲಿಲ್ಲ. ಯಾವ ಫೈಲ್ ಎತ್ತ ಹೋಗುತ್ತದೆ ಎಂದು ತೋರಿಸುವ ಪಟ್ಟಿಯನ್ನೂ ಈಗ ಓದಿಯೇ ಮುಂದೆ ಹೋಗುತ್ತೇನೆ. ಕ್ಲೌಡ್ ಇದೆ ಅಂತ ಧೈರ್ಯದಲ್ಲಿರುವವರೂ ಗಮನಿಸಿ. ಡಿಲೀಟ್ ಆದ ಫೈಲ್ ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ ಇರುವುದು 30 ದಿನ ಮಾತ್ರ. ನನ್ನ ಹಾಗೆ ಆರು ವಾರ ಬಿಟ್ಟು ಊರಿಗೆ ಹೋಗಿ ನೋಡುವವರಿಗೆ ಅದು ಸಾಲದು.

ಕಣ್ಣಿಗೆ ಕಷ್ಟ ಅಂತ ಅಪ್ಪ 14 ಪುಟ ಪ್ರಿಂಟ್ ತೆಗೆಸಿದ್ದರು. ಉಳಿದದ್ದು ಅಷ್ಟೇ. ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ತಾಳಮದ್ದಳೆ ಕೂಟಕ್ಕೆ ಅದನ್ನೇ ಹಿಡಿದುಕೊಂಡು ಹೋದರು. ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ಈಗ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೂಲೆಯ ತಾರೀಕನ್ನು ಗಟ್ಟಿಯಾಗಿ ಓದುತ್ತಾರೆ, ಅಡುಗೆಮನೆಯಲ್ಲಿರುವ ಅಮ್ಮನಿಗೂ ಕೇಳುವ ಹಾಗೆ.