ಚೌತಿಗೆ ಬಂದ ನೆಂಟರು, ಹಿತ್ತಲ ಮೆಟ್ಟಿಲು, ನನ್ನ ಮನೆ ವಿಮೆ

ಐದಕ್ಕೆ ಮೂರು ನಕ್ಷತ್ರ.

ಕುಮಟಾದಲ್ಲಿ ನಮ್ಮದು ಹೆಂಚಿನ ಮನೆ. ಮೂರು ವರ್ಷದಿಂದ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಯವರೂ ಇದೇ ಹೆಸರಲ್ಲಿ ಕೊಡೋದು, ಹಾಗಾಗಿ ಕಂಪನಿ ಹೆಸರು ಬಿಟ್ಟುಬಿಡಿ. ಬೆಂಕಿ, ನೆರೆ, ಗುಡ್ಡ ಕುಸಿತ, ಮರ ಬೀಳೋದು ಎಲ್ಲ ಸೇರಿದೆ. ಹೋದ ಮಳೆಗಾಲ ತೆಂಗಿನಮರ ಅಡುಗೆಮನೆ ಮೇಲೆ ಬಿತ್ತು. ಸರ್ವೇಯರ್ ಬಂದ, ಹೆಂಚು, ರೀಪು ಎಣಿಸಿಕೊಂಡು ಹೋದ, ದುಡ್ಡು ಬಂತು. ಅಷ್ಟರಮಟ್ಟಿಗೆ ತಕರಾರಿಲ್ಲ.

ತಕರಾರು ಚೌತಿಯದು. ಮಗನ ಜೊತೆ ಹುಬ್ಬಳ್ಳಿಯಿಂದ ಅವನ ಆಫೀಸಿನವರೊಬ್ಬರು ಬಂದಿದ್ದರು. ಪಂಚಕಜ್ಜಾಯ ತಿಂದು ಕೈ ತೊಳೆಯಲು ಬಾವಿಕಟ್ಟೆಗೆ ಹೊರಟರು. ಹಿತ್ತಲಲ್ಲಿ ಚಿರೆಕಲ್ಲಿನ ಐದು ಮೆಟ್ಟಿಲು. ಮೂರನೆಯದಕ್ಕೆ ಬಿಸಿಲೇ ಬೀಳೋದಿಲ್ಲ, ಆಷಾಢದಿಂದಲೇ ಹಸಿರು ಪಾಚಿ. ಮನೆಯವರೆಲ್ಲ ಅದನ್ನು ಬಿಟ್ಟು ನಾಲ್ಕನೆಯದಕ್ಕೆ ಕಾಲಿಡುತ್ತೇವೆ, ಕತ್ತಲಲ್ಲೂ. ಬಂದವರಿಗೆ ಹೇಳಲು ಮರೆತೆವು. ಬ್ಲೀಚಿಂಗ್ ಪೌಡರ್ ಡಬ್ಬಿ ಬಾವಿಕಟ್ಟೆ ಮೇಲೇ ಇತ್ತು, ಹಬ್ಬದ ಗಡಿಬಿಡಿಯಲ್ಲಿ ಯಾರೂ ಹಾಕಿ ಉಜ್ಜಿರಲಿಲ್ಲ. ಅವರ ಮಣಿಕಟ್ಟಿನ ಮೂಳೆ ಮುರಿಯಿತು.

"ಅಯ್ಯೋ, ನಮ್ದೇ ತಪ್ಪಾತು" ಎಂದಳು ಹೆಂಡತಿ, ನಾಲ್ಕು ಜನರೆದುರು. ಪ್ಲೇಟು ಹಾಕಿದ ಬಿಲ್ಲು ₹64,000. ಕೌಂಟರಿನಲ್ಲಿ ನಾನೇ ಕಟ್ಟಿದೆ.

ಆಮೇಲೆ ನೆನಪಾಯಿತು, ಪಾಲಿಸಿಗೆ ₹590 ಹೆಚ್ಚು ಕೊಟ್ಟು ಹೊರಗಿನವರಿಗೆ ಪೆಟ್ಟಾದರೆ ನಮ್ಮ ಹೊಣೆ ಹೊರುವ ಕವರ್ ಸೇರಿಸಿದ್ದೆ. ಏಜೆಂಟ್ ದೂರದ ಸಂಬಂಧಿ. "ಎಲ್ಲಾ ಕವರ್ ಆಗ್ತು ಭಾವ, ತಲೆಬಿಸಿ ಮಾಡಡ" ಎಂದಿದ್ದ.

ಕ್ಲೇಮು ಸಿಗಲಿಲ್ಲ. ಷರತ್ತು ಹೀಗಿದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡಬಾರದು, ಕೊಡ್ತೇನೆಂದು ಮಾತೂ ಕೊಡಬಾರದು. ಬಿದ್ದವರು ನನ್ನಿಂದ ಪರಿಹಾರ ಕೇಳಬೇಕು, ಕಾನೂನಿನಂತೆ ನಾನು ಹೊಣೆ ಎಂದಾಗಬೇಕು, ಆಮೇಲೆ ಕಂಪನಿಯ ಸರದಿ. ಮನೆಯವರು, ಕೆಲಸದವರು ಬಿದ್ದರೆ ಈ ಕವರ್ ಇಲ್ಲವೇ ಇಲ್ಲ. ನಮ್ಮ ನೆಂಟರು ಒಳ್ಳೆಯವರು, ನೋಟಿಸು ಕಳಿಸಲಿಲ್ಲ. ಕಳಿಸದ್ದೂ ನನಗೆ ಮುಳುವಾಯಿತು!

ಪರಿಚಯದ ವಕೀಲರನ್ನು ಕೇಳಿದೆ. ಮನೆಗೆ ಬಂದವರು ಬಿದ್ದರೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ, ಯಜಮಾನನ ನಿರ್ಲಕ್ಷ್ಯ ಇತ್ತೇ ಅನ್ನೋದಷ್ಟೇ ಪ್ರಶ್ನೆ, ಅಪಾಯ ಗೊತ್ತಿದ್ದೂ ಸುಮ್ಮನಿದ್ದಿರಾ ಎಂದರು. ಮೂರನೇ ಮೆಟ್ಟಿಲಿನ ಕತೆ ಹೇಳಿದೆ. "ಇದನ್ನ ಇನ್ನು ಯಾರ ಹತ್ತಿರವೂ ಹೇಳಬೇಡಿ" ಎಂದರು. ಇಲ್ಲಿ ಬರೀತಾ ಇದ್ದೇನೆ.

ಗೋಕರ್ಣದ ಕಡೆ ಹೋಮ್‌ಸ್ಟೇ ಇಟ್ಟವರು ಇನ್ನೂ ಜಾಗ್ರತೆ ಮಾಡಬೇಕು. ದುಡ್ಡು ಕೊಟ್ಟು ಉಳಿದವರು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷದೊಳಗೆ ಕಾರವಾರದ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಪುಕ್ಕಟೆ ಉಂಡ ನೆಂಟರಿಗೆ ಆ ದಾರಿ ಇಲ್ಲ, ಸಿವಿಲ್ ಕೋರ್ಟೇ ಗತಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಹೆಸರು ಹೇಳಿ ಯಾರಾದರೂ ಪಾಲಿಸಿ ಮಾರಲು ಬಂದರೆ ನಂಬಬೇಡಿ, ಅದು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರಿಗೆ.

ಕವರ್ ಈ ವರ್ಷವೂ ಮುಂದುವರಿಸಿದೆ, ₹590 ದೊಡ್ಡದಲ್ಲ. ಷರತ್ತನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಹಿತ್ತಲಲ್ಲಿ ಮೂರನೇ ಮೆಟ್ಟಿಲು ಉಜ್ಜುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಕೈ ಮುರ್ಕಂಡವ್ರ ಎದ್ರಿಗೆ ಕಂಪನಿಗೆ ಫೋನ್ ಮಾಡ್ತಾ ಕೂರದಾ?"